ಹೊಕ್ಕುಳಿಂದ ಮೂರು ಬೆರಳು

ನನ್ನ ಅತ್ತಿಗೆ ಬಿದ್ದದ್ದು ಕಾಫಿ ಕಣದಲ್ಲಿ. ಒಣಹಾಕಿದ ಹಣ್ಣನ್ನು ಕಾಲಿನಿಂದ ಹರಡುತ್ತಾ ಹೋಗುವುದು ಎಂಬತ್ತೊಂದು ವಯಸ್ಸಾದರೂ ಅವರು ಬಿಡದ ಅಭ್ಯಾಸ. ಬೇಡ ಅಂದರೆ ಕೇಳುವವರಲ್ಲ. ಅರ್ಧ ಒಣಗಿದ ಹಣ್ಣು ಕಾಲಡಿ ಉರುಳಿ, ಸೊಂಟದ ಕೆಳಗಿನ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಗಿ ವಾಪಸು ಬರುವಾಗ ಡಾಕ್ಟರು ಒಂದು ಥರ್ಮೋಕೋಲ್ ಡಬ್ಬಿ ತುಂಬ ಸಣ್ಣ ಸಣ್ಣ ಇಂಜೆಕ್ಷನ್ ಕೊಟ್ಟು ಕಳಿಸಿದರು. ಔಷಧಿ ತುಂಬಿಸಿಯೇ ಬರುವ ಸಿರಿಂಜುಗಳು. ಮಲಗಿದ್ದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು, ಅದು ಎದೆಗೆ ಏರಿದರೆ ಜೀವಕ್ಕೇ ಅಪಾಯ, ಆದ್ದರಿಂದ ದಿನಕ್ಕೊಂದು, ಹೊಟ್ಟೆಯ ಚರ್ಮದಡಿಗೆ, ಒಂದು ತಿಂಗಳು.

ಅತ್ತಿಗೆ ಅಂದರೆ ನಮ್ಮವರ ದೊಡ್ಡಕ್ಕ. ನಮ್ಮವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅತ್ತಿಗೆ ಮೊದಲಿನಿಂದ ತವರಿನಲ್ಲೇ ನೆಲೆಸಿದವರು, ಈಗ ಮಗನ ಸಂಸಾರದೊಟ್ಟಿಗೆ ಇದ್ದಾರೆ, ನಾನು ಪಕ್ಕದ ಮನೆಯಲ್ಲಿ. ಎರಡು ಮನೆಗೂ ಕಣ ಒಂದೇ. ನಮ್ಮದು ಮೂಲದಲ್ಲಿ ಸೋಮವಾರಪೇಟೆ ಕಡೆಯ ಲಿಂಗವಂತರ ಮನೆತನ. ಮಾವನವರು ಮೂರ್ನಾಡಿಗೆ ಬಂದು ಅಂಗಡಿ ಇಟ್ಟು, ನಿಧಾನಕ್ಕೆ ಒಂದಿಷ್ಟು ತೋಟ ಮಾಡಿದರು. ಅಳಿಯನಿಗೆ, ಅಂದರೆ ಅತ್ತಿಗೆಯ ಮಗನಿಗೆ, ಗೋಣಿಕೊಪ್ಪಲಿನಲ್ಲಿ ಕರಿಮೆಣಸಿನ ವ್ಯಾಪಾರ. ಅವನ ಹೆಂಡತಿ ಸ್ಕೂಲ್ ಟೀಚರ್. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಹೊರಟರೆ ಅತ್ತಿಗೆಯ ಹತ್ತಿರ ಇರುವವಳು ನಾನೇ.

ಇಂಜೆಕ್ಷನ್ ಕೊಡಲು ಸಿಸ್ಟರ್ ಬರುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರ್ ಅಂದ ಕೂಡಲೇ ಈಗಲೂ ಬೆನ್ನು ನೆಟ್ಟಗೆ ಮಾಡುತ್ತೇನೆ. ಈ ಸಿಸ್ಟರಿಗೆ ಐವತ್ತೈದು ದಾಟಿರಬಹುದು. ಮಂಗಳೂರಿನಲ್ಲಿ ಕಲಿತು, ಮೂವತ್ತು ವರ್ಷ ನರ್ಸಿಂಗ್ ಹೋಮುಗಳಲ್ಲಿ ದುಡಿದು, ಈಗ ಮನೆ ಮನೆಗೆ ಹೋಗುವ ಕೆಲಸ ಇಟ್ಟುಕೊಂಡಿದ್ದರು. ಅವರ ತಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಮನೆಮಾತು ಮಲಯಾಳ. ಒಟ್ಟು ಎಂಟು ಮನೆ. ಒಬ್ಬರಿಗೆ ಇನ್ಸುಲಿನ್, ಒಬ್ಬರಿಗೆ ಗಾಯದ ಡ್ರೆಸ್ಸಿಂಗ್, ಇನ್ನೊಬ್ಬರಿಗೆ ನರದ ಶಕ್ತಿಯ ಇಂಜೆಕ್ಷನ್. ಬೋರ್ಡು ಹಾಕಿಕೊಂಡವರಲ್ಲ, ಫೋನಿನಲ್ಲಿ ಜಾಹೀರಾತು ಕೊಟ್ಟವರಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ ಹೇಳಿ ಆದ ಎಂಟು. ‘ಅವರ ಕೈಗುಣ ಚೆನ್ನಾಗಿದೆ’ ಎಂಬ ಒಂದು ಮಾತೇ ಅವರ ಸರ್ಟಿಫಿಕೇಟು. ನಮ್ಮ ಕಡೆ ಎಲ್ಲದಕ್ಕೂ ಕೈಗುಣ ನೋಡುತ್ತಾರೆ. ಮೆಣಸಿನ ಬಳ್ಳಿ ನೆಡುವವನಿಗೆ, ಕರು ಹಾಕಿಸುವವನಿಗೆ, ಉಪ್ಪಿನಕಾಯಿ ಕಲಸುವವಳಿಗೆ. ಚುಚ್ಚುವವರಿಗೆ ನೋಡದೆ ಬಿಡುತ್ತಾರೆಯೇ?

ಮೊದಲ ದಿನ ಸಿಸ್ಟರ್ ಹತ್ತು ಗಂಟೆಯ ಬಸ್ಸಿನಲ್ಲಿ ಬಂದು, ಚಪ್ಪಲಿ ಬಿಟ್ಟು, ಬಚ್ಚಲಿನಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದು, ನನ್ನನ್ನು ಮಂಚದ ಪಕ್ಕ ನಿಲ್ಲಿಸಿಕೊಂಡರು.

“ಅಮ್ಮ, ನೀವು ನೋಡ್ಕೊಂಡಿರಿ. ಒಂದು ದಿವಸ ನನ್ನ ಬಸ್ಸು ತಪ್ಪಿದ್ರೆ ಯಾರಿಗಾದ್ರೂ ಗೊತ್ತಿರ್ಬೇಕಲ್ಲ.”

“ನಾನು ನಮ್ಮ ಹಸುವಿಗೆ ಕೊಟ್ಟಿದ್ದೇನೆ ಸಿಸ್ಟರ್” ಎಂದೆ. ಸ್ವಲ್ಪ ಜಂಬವೇ ಇತ್ತು. ದನದ ಡಾಕ್ಟರು ತೋರಿಸಿಕೊಟ್ಟಿದ್ದರು. ಗಾಳಿ ತೆಗೆ, ಚುಚ್ಚು, ಆಮೇಲೆ ಚೆನ್ನಾಗಿ ತಿಕ್ಕು.

“ಹಸುದು ಹಸುಗೆ ಆಯ್ತು. ಇದು ಬೇರೆ.” ಮಲಗಿದ್ದ ಅತ್ತಿಗೆಯ ಕಡೆ ತಿರುಗಿ, “ದೊಡ್ಡಮ್ಮ, ನಿಮ್ಮನ್ನ ಹಸು ಅಂದದ್ದು ನಾನಲ್ಲ, ನೆನಪಿಟ್ಕೊಳ್ಳಿ” ಎಂದರು.

“ಹಾಯ್ದರೆ ಗೊತ್ತಾಗ್ತದೆ ಇವಳಿಗೆ” ಎಂದರು ಅತ್ತಿಗೆ.

ಸಿಸ್ಟರ್ ಹೇಳಿದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲೇ ಬರೆದುಕೊಂಡೆ, ಸ್ಕೂಲಿನ ಅದೇ ದುಂಡಗಿನ ಅಕ್ಷರದಲ್ಲಿ. ಅದರಿಂದಲೇ ನನಗೆ ಈಗ ನೆಪ ಹೇಳಲು ಆಗುವುದಿಲ್ಲ. ಗೊತ್ತಿರಲಿಲ್ಲ ಅನ್ನುವಂತಿಲ್ಲ. ಸಿರಿಂಜಿನೊಳಗೆ ಕಾಣುವ ಸಣ್ಣ ಗಾಳಿಗುಳ್ಳೆಯನ್ನು ಹೊರಗೆ ತಳ್ಳಬಾರದು, ಔಷಧಿ ಪೂರ್ತಿ ಒಳಗೆ ಹೋಗಲು ಅದು ಬೇಕು. ಹೊಕ್ಕುಳಿಂದ ಮೂರು ಬೆರಳು ಆಚೆಗೆ, ಇವತ್ತು ಬಲಕ್ಕಾದರೆ ನಾಳೆ ಎಡಕ್ಕೆ, ನಿನ್ನೆ ಚುಚ್ಚಿದ ಜಾಗಕ್ಕೆ ಮತ್ತೆ ಅಲ್ಲ. ಸ್ಪಿರಿಟ್ ಹಚ್ಚಿದ ಮೇಲೆ ಆರುವವರೆಗೆ ಕಾಯಬೇಕು. ಹೆಬ್ಬೆರಳು ತೋರುಬೆರಳಿನಲ್ಲಿ ಚರ್ಮವನ್ನು ಮಡಿಕೆ ಮಾಡಿ ಹಿಡಿದು, ಸೂಜಿ ನೆಟ್ಟಗೆ ಇಳಿಸಿ, ನಿಧಾನಕ್ಕೆ ಒತ್ತಿ, ಸೂಜಿ ಹೊರಗೆ ಬರುವವರೆಗೆ ಮಡಿಕೆ ಬಿಡಬಾರದು. ಕೊನೆಯ ಸಾಲು: ಡು ನಾಟ್ ರಬ್. ಅದರ ಕೆಳಗೆ ಎರಡು ಗೆರೆ ಎಳೆದದ್ದು ನಾನೇ.

“ತಿಕ್ಕಿದ್ರೆ ಏನಾಗ್ತದೆ?” ಎಂದು ಕೇಳಿದ್ದೂ ನಾನೇ.

“ಒಳಗೆ ರಕ್ತ ಹರಡ್ತದೆ ಅಮ್ಮ. ಇದು ರಕ್ತ ತೆಳು ಮಾಡೋ ಔಷಧಿ ಅಲ್ವ, ಬೇಗ ನಿಲ್ಲೋದಿಲ್ಲ. ಹತ್ತಿ ಇಟ್ಟು ಸುಮ್ನೆ ಒತ್ತಿ ಹಿಡೀರಿ, ಸಾಕು.”

ಆ ಔಷಧಿ ಉರಿಯುತ್ತದೆ. ಚುಚ್ಚಿದಾಗ ಅಲ್ಲ, ಐದು ನಿಮಿಷ ಬಿಟ್ಟು. ಸಿಸ್ಟರ್ ಮುಂದಿನ ಮನೆಗೆ ಹೊರಟ ಮೇಲೆ ಅದು ಶುರುವಾಗುತ್ತಿತ್ತು. ಎರಡನೆಯ ದಿನವೋ ಮೂರನೆಯ ದಿನವೋ ಅತ್ತಿಗೆ ಹಲ್ಲು ಕಚ್ಚಿಕೊಂಡು, “ಉರೀತದೆ ಕಣೆ. ಒಂಚೂರು ವಿಭೂತಿ ಕಲಸಿ ಹಚ್ಚು” ಎಂದರು.

ಹಚ್ಚಿದೆ.

“ಹಂಗಲ್ಲ, ಸುಣ್ಣ ಬಳಿದಂಗೆ ಹಚ್ಚಿದ್ರೆ ಏನಾಗ್ತದೆ. ತಿಕ್ಕು. ಮೈಗೆ ಹಿಡೀಬೇಕು.”

ಇಲ್ಲಿ ನಾನು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಹಣೆ ಖಾಲಿ. ಬೋರ್ಡಿಂಗಿನಲ್ಲಿ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡರೆ ಅಸೆಂಬ್ಲಿಗೆ ಮೊದಲು ಒರೆಸಿಸುತ್ತಿದ್ದರು. ಹತ್ತು ವರ್ಷದ ಅಭ್ಯಾಸ ಬಿಡಲಿಲ್ಲ. ಮನೆ ತುಂಬ ಹೆಂಗಸರು ‘ಕಿರಿಸ್ತಾನರ ಸ್ಕೂಲಿನ ಹುಡುಗಿ’ ಎಂದು ಆಡಿಕೊಳ್ಳುತ್ತಿದ್ದರು. ನನ್ನ ಓರಗಿತ್ತಿಯೊಬ್ಬಳು ನಾನು ಊಟಕ್ಕೆ ಕೂತಾಗಲೆಲ್ಲ “ಗ್ರೇಸ್ ಹೇಳಲ್ವೇನಮ್ಮ?” ಎಂದು ಅವರ ಊಟದ ಪ್ರಾರ್ಥನೆಯ ಹೆಸರೆತ್ತಿ ಕೇಳುವಳು. ಆಗ ಅತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಪೂಜೆಯ ಕೋಣೆಗೆ ಕರೆದು, ವಿಭೂತಿಯ ಗಟ್ಟಿಯ ಮೇಲೆ ಮೂರು ಬೆರಳು ಎಳೆದು, ನನ್ನ ಹಣೆಗೆ ತಾವೇ ಹಚ್ಚಿ, ಹೊರಗೆ ಕರೆದುಕೊಂಡು ಬಂದು ಎಲ್ಲರ ಎದುರು ನಿಲ್ಲಿಸಿದರು. ಅವತ್ತಿನಿಂದ ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ನನ್ನ ಮಕ್ಕಳ ಹೊಟ್ಟೆನೋವಿಗೆ, ನನ್ನ ಬಾಣಂತನದ ಜ್ವರಕ್ಕೆ, ನಮ್ಮವರ ಕೊನೆಯ ದಿನಗಳ ಉಬ್ಬಸಕ್ಕೆ, ಎಲ್ಲದಕ್ಕೂ ಅದೇ ವಿಭೂತಿ, ಅತ್ತಿಗೆಯ ಅದೇ ಅಂಗೈ. ಅಂಥವರು ಮಲಗಿದಲ್ಲಿಂದ ಕೇಳಿದಾಗ ‘ನಿಮ್ಮ ವಿಭೂತಿ ತಿಕ್ಕಬಾರದಂತೆ’ ಎಂದು ಹೇಳುವ ನಾಲಿಗೆ ನನ್ನಲ್ಲಿರಲಿಲ್ಲ. ಕಿರಿಸ್ತಾನರ ಸ್ಕೂಲಿನ ಹುಡುಗಿ ಮತ್ತೆ ಎದ್ದು ಬಂದಂತೆ ಆಗುತ್ತಿತ್ತು.

ಹೀಗೆ ಹೇಳಿಕೊಂಡರೆ ದೊಡ್ಡ ಮನಸ್ಸಿನಿಂದ ತಿಕ್ಕಿದ ಹಾಗೆ ಕೇಳಿಸುತ್ತದೆ. ಹಾಗೇನಿಲ್ಲ. ಸ್ವಲ್ಪ ತಿಕ್ಕಿದರೆ ಏನಾಗುತ್ತದೆ ಎಂಬ ಉಡಾಫೆಯೂ ಇತ್ತು. ನೀರಿನಲ್ಲಿ ಕಲಸಿ, ಅಂಗೈಯಿಂದ ಗುಂಡಗೆ, ಉರಿ ಇಳಿಯುವವರೆಗೆ ತಿಕ್ಕುತ್ತಿದ್ದೆ. ಅತ್ತಿಗೆ ಕಣ್ಣು ಮುಚ್ಚಿ “ಹಾ, ಈಗ ತಣ್ಣಗಾಯ್ತು” ಅನ್ನುತ್ತಿದ್ದರು. ಆಮೇಲೆ ಒದ್ದೆ ಬಟ್ಟೆಯಲ್ಲಿ ನಾನು ಅದನ್ನು ಒರೆಸಿಬಿಡುತ್ತಿದ್ದೆ. ಒರೆಸುತ್ತಿದ್ದೆ ಅಂದ ಮೇಲೆ ತಪ್ಪು ಎಂದು ನನಗೆ ಗೊತ್ತಿತ್ತು ಅಂತಲೇ ಅರ್ಥ.

ಐದನೆಯ ದಿನ ಬಲಗಡೆ ನೇರಳೆ ಹಣ್ಣಿನಷ್ಟು ಕಪ್ಪಾಯಿತು. ಎಂಟನೆಯ ದಿನದ ಹೊತ್ತಿಗೆ ಎರಡೂ ಕಡೆ ಅಂಗೈ ಅಗಲ. ಅಂಚಿನಲ್ಲಿ ಹಸಿರು, ನಡುವೆ ಮಸಿ. ಸಿಸ್ಟರ್ ಸೀರೆ ಸರಿಸಿ ನೋಡಿದರು. ಬಾಯಿ ತೆರೆಸಿ ವಸಡು ನೋಡಿದರು, ಮೂತ್ರ ಕೆಂಪಾಗಿದೆಯೇ, ಮಲ ಕಪ್ಪಾಗಿದೆಯೇ, ಮೂಗಿನಲ್ಲಿ ರಕ್ತ ಬಂತೇ ಎಂದು ಕೇಳಿದರು. ನೋವಿಗೆ ಬೇರೆ ಯಾವುದಾದರೂ ಮಾತ್ರೆ ಕೊಟ್ಟಿದ್ದೀರಾ ಎಂದು ಡಬ್ಬಿಯನ್ನೆಲ್ಲ ತೆಗೆಸಿದರು. ಎಲ್ಲದಕ್ಕೂ ನಾನು ಇಲ್ಲ ಅಂದೆ, ಅಷ್ಟೂ ನಿಜ. ಆಮೇಲೆ ನನ್ನನ್ನು ಬಾಗಿಲ ಹತ್ತಿರಕ್ಕೆ ಕರೆದರು.

“ಅಮ್ಮ, ನಾನು ಹೋದ್ಮೇಲೆ ಯಾರಾದ್ರೂ ತಿಕ್ತಾರಾ ಅಲ್ಲಿ?”

“ಇಲ್ಲ ಸಿಸ್ಟರ್.”

“ಎಣ್ಣೆ, ಮುಲಾಮು, ಬಿಸಿನೀರಿನ ಬ್ಯಾಗು?”

“ಏನೂ ಇಲ್ಲ.”

ಎಣ್ಣೆ ಅಲ್ಲ, ಮುಲಾಮು ಅಲ್ಲ. ಆ ಮಾತಿನ ಸಂದಿಯಲ್ಲಿ ನುಸುಳಿಕೊಂಡೆ. ಆದರೆ ಮೊದಲನೆಯ ಪ್ರಶ್ನೆಗೆ ಅಂಥ ಸಂದಿ ಇರಲಿಲ್ಲ.

ಅವರು ಅಂಗಳದಲ್ಲಿ ನಿಂತೇ ಡಾಕ್ಟರಿಗೆ ಫೋನ್ ಮಾಡಿದರು. ರಕ್ತ ಪರೀಕ್ಷೆ ಆಗಬೇಕು ಎಂದರು. ಆಯಿತು. ಪ್ಲೇಟ್‌ಲೆಟ್ ಸರಿಯಾಗಿದೆ, ಇಂಜೆಕ್ಷನ್ ನಿಲ್ಲಿಸಬೇಡಿ, ಗಮನಿಸುತ್ತಿರಿ ಎಂದು ಉತ್ತರ ಬಂತು. ಆ ಎರಡು ದಿನ ನಾನು ತಿಕ್ಕಲಿಲ್ಲ, ಮೈ ಸರಿಯಿಲ್ಲ ಎಂದು ನನ್ನ ಮನೆಯಲ್ಲೇ ಉಳಿದೆ. ಆದರೆ ಹರಡಿದ್ದ ಕಪ್ಪು ಎರಡು ದಿನಕ್ಕೆ ಎಲ್ಲಿ ಹೋಗುತ್ತದೆ?

ಹನ್ನೊಂದನೆಯ ದಿನ ಭಾನುವಾರ. ಅಳಿಯ ಮನೆಯಲ್ಲಿದ್ದ. ತಾಯಿಯನ್ನು ಕುರ್ಚಿಗೆ ಕೂರಿಸಲು ಎತ್ತುವಾಗ ಸೀರೆ ಸರಿಯಿತು, ಅವನು ನೋಡಿದ. ಹತ್ತು ಗಂಟೆಗೆ ಸಿಸ್ಟರ್ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನು ಜಗಲಿಯಲ್ಲಿ ನಿಂತಿದ್ದ.

“ಏನಿದು ಸಿಸ್ಟರ್? ಹೊಟ್ಟೆನೋ, ಸುಟ್ಟ ಬದನೆಕಾಯೋ?”

“ಡಾಕ್ಟರಿಗೆ ಹೇಳಿದ್ದೇನೆ ಸರ್. ಬ್ಲಡ್ ಟೆಸ್ಟ್ ನಾರ್ಮಲ್ ಬಂದಿದೆ.”

“ಬ್ಲಡ್ ನಾರ್ಮಲ್ಲು. ಹಂಗಾರೆ ಕೈ ನಾರ್ಮಲ್ ಇಲ್ಲ ಅಂತಾಯ್ತು.”

ಒಳಗಿನಿಂದ ಅತ್ತಿಗೆಯ ದನಿ ಬಂತು: “ಹೋಗ್ಲಿ ಬಿಡೋ. ಅವಳ ಕೈ ಸ್ವಲ್ಪ ಭಾರ, ಅಷ್ಟೇ.” ಅತ್ತಿಗೆ ಅದನ್ನು ನಂಬಿ ಹೇಳಿದರು. ವಿಭೂತಿಯಿಂದ ಉರಿ ಇಳಿಯುತ್ತಿದೆ, ಸೂಜಿಯಿಂದ ಕಪ್ಪಾಗುತ್ತಿದೆ ಎಂದೇ ಅವರ ತಿಳುವಳಿಕೆ. ತಿಳಿಸಬೇಕಾದವಳು ಕಾಫಿಯ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಲೋಟದೊಳಗಿನ ಕಾಫಿ ನೋಡಿದೆ.

“ನಾಳೆಯಿಂದ ನೀವು ಬರೋದು ಬೇಡ” ಎಂದ ಅಳಿಯ. “ಬೇರೆ ಯಾರಾದ್ರೂ ಸಿಗ್ತಾರೆ.”

ಬೇರೆ ಯಾರೂ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ನನ್ನ ಬಾಯಿಂದ ಮಾತು ಬಂತು. ಆದರೆ ಬರಬೇಕಾದ ಮಾತಲ್ಲ. “ನಾನು ಕೊಡ್ತೇನೆ ಬಿಡು” ಎಂದೆ.

ಸಿಸ್ಟರ್ ಆಗಲೇ ಹೊರಟುಬಿಡಬಹುದಿತ್ತು. ಅಂಥ ಮಾತು ಕೇಳಿ ನಾನಾಗಿದ್ದರೆ ಚಪ್ಪಲಿ ಮೆಟ್ಟಿ ಗೇಟು ದಾಟುತ್ತಿದ್ದೆ. ಅವರು ಬಚ್ಚಲಿಗೆ ಹೋಗಿ, ಎಂದಿನಂತೆ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದು, “ಅಮ್ಮ, ನೀವೂ ತೊಳ್ಕೊಂಡ್ ಬನ್ನಿ” ಎಂದರು. ಅವತ್ತಿನ ಸಿರಿಂಜನ್ನು ನನ್ನ ಕೈಗೆ ಕೊಟ್ಟರು. ಪೊಟ್ಟಣದ ಮೇಲಿನ ತಾರೀಖು ಓದಿಸಿದರು, ಡೋಸ್ ಓದಿಸಿದರು, ಬೆಳಕಿಗೆ ಹಿಡಿದು ಔಷಧಿ ತಿಳಿಯಾಗಿದೆಯೇ ನೋಡಿಸಿದರು. ಮುಚ್ಚಳವನ್ನು ತಿರುಗಿಸದೆ ನೇರ ಎಳೆಯಬೇಕು ಎಂದರು. ಅತ್ತಿಗೆಯ ಹೊಟ್ಟೆಯಲ್ಲಿ ಕಪ್ಪಾಗದ ಜಾಗ ಹುಡುಕಲು ನಾವಿಬ್ಬರೂ ಬಗ್ಗಿ ನೋಡಿದೆವು. ಎಡಗಡೆ ಪಕ್ಕೆಯ ಹತ್ತಿರ ಒಂದಿಷ್ಟು ಒಳ್ಳೆಯ ಚರ್ಮ ಉಳಿದಿತ್ತು. ಸೂಜಿಯನ್ನು ಎರಡು ಸಲ ಹತ್ತಿರ ತಂದು ಹಿಂದಕ್ಕೆ ತೆಗೆದೆ.

“ಹಸುಗೆ ಕೊಟ್ಟಿದ್ದೀರಲ್ಲ” ಎಂದರು ಸಿಸ್ಟರ್, ನಗದೆ.

“ಸಾಯಿಸ್ಬೇಡ್ವೆ” ಎಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡು.

ಮಡಿಕೆ ಹಿಡಿದೆ, ಇಳಿಸಿದೆ, ಒತ್ತಿದೆ. ಅವರು ಪಕ್ಕದಲ್ಲಿ ನಿಧಾನಕ್ಕೆ ಒಂದರಿಂದ ಹತ್ತು ಎಣಿಸಿದರು. ಸೂಜಿ ತೆಗೆದ ಮೇಲೆ ಮಡಿಕೆ ಬಿಟ್ಟೆ, ಹತ್ತಿ ಇಟ್ಟು ಒತ್ತಿದೆ. ಸೂಜಿಯ ಮುಚ್ಚಳವನ್ನು ವಾಪಸು ತೊಡಿಸಲು ಹೋದಾಗ ಅವರು ನನ್ನ ಕೈಯನ್ನು ತಡೆದರು, ಸಿರಿಂಜನ್ನು ಹಾಗೆಯೇ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಡಬ್ಬಿಯ ಬಾಯಿ ಬಿಗಿಸಿದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ ಹೊತ್ತು ಮತ್ತು ಎಡ ಎಂದು ಬರೆಸಿದರು. ಚಪ್ಪಲಿ ಮೆಟ್ಟುವಾಗ ನನ್ನ ಮುಖ ನೋಡದೆ, “ಆಮೇಲೆ ತಿಕ್ಬೇಡಿ ಅಮ್ಮ, ಆಯ್ತಾ” ಎಂದರು.

ಉಳಿದ ಹತ್ತೊಂಬತ್ತು ದಿನ ನಾನು ತಿಕ್ಕಲಿಲ್ಲ. ಸಿಸ್ಟರ್ ಬೇಡ ಅಂದಿದ್ದಾರೆ ಎಂದು ಅತ್ತಿಗೆಗೆ ಹೇಳಿದೆ. ಅವರು ಗೊಣಗಿ, “ಹಂಗಾರೆ ಹಣೆಗಾದ್ರೂ ಹಚ್ಚು” ಎಂದರು. ಅಷ್ಟೇ. ನಾನು ಹೆದರಿದ್ದ ಆ ಮಾತು ಅಷ್ಟು ಸುಲಭವಾಗಿ ಮುಗಿದುಹೋಯಿತು. ಹತ್ತು ದಿನ ಮೊದಲೇ ಮುಗಿಸಬಹುದಿತ್ತು.

ಕಪ್ಪು ಹಸಿರಾಯಿತು, ಹಸಿರು ಹಳದಿಯಾಯಿತು, ತಿಂಗಳಾಗುವಷ್ಟರಲ್ಲಿ ಹೊಟ್ಟೆ ಬೆಳ್ಳಗಾಯಿತು. ಎಲ್ಲರೂ ಬಂದು ನೋಡಿದರು. ಮೊದಲು ಹೊಟ್ಟೆ ಕಪ್ಪಾಗಿದ್ದಾಗ ಅಳಿಯ ತೆಗೆದ ಫೋಟೋ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿತ್ತು. ಈಗ ಅದೇ ಗ್ರೂಪಿನಲ್ಲಿ ನನಗೆ ಕೈಮುಗಿಯುವ ಚಿತ್ರಗಳು ಬಂದವು. ‘ನಮ್ಮತ್ತೆಯ ಕೈಗುಣ’ ಎಂದು ನನ್ನ ಬಗ್ಗೆ ಅಳಿಯ ಬರೆದ. ಎದುರುಮನೆಯಾಕೆ ತನ್ನ ಅತ್ತೆಯ ಇನ್ಸುಲಿನ್ ನಾನೇ ಕೊಡಬೇಕೆಂದು ಬಂದು ಕೂತಳು.

“ಸಿಸ್ಟರ್ ಬರ್ತಿದ್ದರಲ್ಲ ನಿಮ್ಮನೆಗೆ?” ಎಂದೆ.

“ಬಿಡಿಸಿದ್ವಿ ಆಂಟಿ. ನಿಮ್ಮನೆ ದೊಡ್ಡಮ್ಮನ ಹೊಟ್ಟೆ ನೋಡಿದ್ಮೇಲೆ ಯಾರಿಗೆ ಧೈರ್ಯ? ನಾವಷ್ಟೇ ಅಲ್ಲ, ನಿಮ್ಮ ನೆಂಟರೊಬ್ಬರೂ, ನಾಪೋಕ್ಲು ರೋಡಿನ ಎರಡು ಮನೆಯವರೂ ಬಿಡಿಸಿದರಂತೆ.”

ಎಂಟರಲ್ಲಿ ನಮ್ಮದಲ್ಲದೆ ಇನ್ನೂ ನಾಲ್ಕು ಮನೆ ಹೋಗಿತ್ತು.

ಅತ್ತಿಗೆ ಕೋಲು ಹಿಡಿದು ನಡೆಯಲು ಶುರು ಮಾಡಿದಾಗ ಅಯ್ಯನವರನ್ನು ಕರೆಸಿ ಪಾದಪೂಜೆ ಮಾಡಿಸಿ, ಒಂದು ಐವತ್ತು ಜನಕ್ಕೆ ಊಟ ಇಟ್ಟರು. ಹೋಳಿಗೆಯ ಪಂಕ್ತಿಯಲ್ಲಿ ಅಳಿಯ ನನ್ನನ್ನು ಹೊಗಳಿದ. ಅತ್ತಿಗೆ ಒಳಗೆ ಅಯ್ಯನವರ ಹತ್ತಿರ ಇದ್ದರು. ಇನ್ನು ತಡೆಯಲಾಗದೆ ನಾನು ಹೇಳಿಬಿಟ್ಟೆ. ಸಿಸ್ಟರದು ಏನೂ ತಪ್ಪಿಲ್ಲ, ತಿಕ್ಕಬಾರದು ಅಂದಿದ್ದರೂ ನಾನೇ ದಿನಾ ತಿಕ್ಕಿದೆ, ಕಪ್ಪಾದದ್ದು ಅದಕ್ಕೆ ಎಂದೆ. ಅಳಿಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಕ್ಕ.

“ನಮ್ಮತ್ತೆ ಹಿಂಗೇ. ಯಾರದ್ದೋ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಾರೆ. ಕಾನ್ವೆಂಟಲ್ಲಿ ಅದನ್ನೇ ಹೇಳ್ಕೊಡೋದು.”

“ಪಾಪದವರು” ಎಂದಳು ಎದುರುಮನೆಯಾಕೆ, ಮೆಚ್ಚಿಕೊಂಡು.

ತಡವಾದ ನಿಜಕ್ಕೆ ಇಂಥ ಗತಿ ಇದೆಯೆಂದು ಕಾನ್ವೆಂಟಿನ ಮಾರಲ್ ಸೈನ್ಸ್ ಪಾಠದಲ್ಲಿ ಹೇಳಿರಲಿಲ್ಲ. ನನ್ನ ತಪ್ಪೊಪ್ಪಿಗೆಯಿಂದ ನನ್ನ ಹೆಸರೇ ಇನ್ನಷ್ಟು ಬೆಳಗಿತು.

ಮರುವಾರ ಸಿಸ್ಟರ ಮನೆ ಹುಡುಕಿಕೊಂಡು ಹೋದೆ. ಹಿತ್ತಲಲ್ಲಿ ಮರಗೆಣಸು ಹೆಚ್ಚುತ್ತಾ ಕೂತಿದ್ದರು. ಎದ್ದು ಕುರ್ಚಿ ತಂದು ಹಾಕಿದರು. ನಾನು ಕೂರುವ ಮೊದಲೇ ಎಲ್ಲ ಹೇಳಿದೆ, ವಿಭೂತಿಯನ್ನೂ, ಒರೆಸಿದ್ದನ್ನೂ, ಬಾಗಿಲಲ್ಲಿ ನಿಂತದ್ದನ್ನೂ. ಅವರು ಚಾಕು ಕೆಳಗಿಟ್ಟರು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

“ನಾನು ಕೇಳ್ದೆ ಅಲ್ವ ಅಮ್ಮ, ನಿಮ್ಮನ್ನ. ಬೈಲಿಕ್ಕೆ ಕೇಳಿದ್ದಲ್ಲ.” ಹೆಚ್ಚಿದ್ದನ್ನು ನೀರಿಗೆ ಹಾಕಿ ಹೇಳಿದರು: “ನೀವು ಇಲ್ಲ ಅಂದ್ರಿ. ನಾನು ನಂಬ್ದೆ. ಹಂಗಾದ್ರೆ ನನ್ನ ಕೈದೇ ತಪ್ಪು ಅಂತ ಆಯ್ತಲ್ಲ. ಮೂವತ್ತು ವರ್ಷ ಆದ್ಮೇಲೆ ಇದೇನು, ಮಡಿಕೆ ಬೇಗ ಬಿಡ್ತಿದ್ದೀನಾ, ಕಣ್ಣು ಮಂಜಾಯ್ತಾ ಅಂತ ದಿನಾ ಯೋಚ್ನೆ. ಆಮೇಲೆ ಎರಡು ಕಡೆ ಇದೇ ಇಂಜೆಕ್ಷನ್‌ಗೆ ಕರೆದ್ರು. ನನಗೆ ಆಗಲ್ಲ ಅಂತ ನಾನೇ ಹೇಳಿಬಿಟ್ಟೆ.”

ನಾನು ಮನೆಗಳನ್ನು ಮಾತ್ರ ಎಣಿಸಿಕೊಂಡು ಹೋಗಿದ್ದೆ. ಅವರಿಗೆ ತಮ್ಮ ಕೈಯ ಮೇಲೆಯೇ ಸಂಶಯ ಬಂದೀತೆಂದು ನನ್ನ ತಲೆಗೆ ಹೊಳೆದಿರಲಿಲ್ಲ. ಕ್ಷಮಿಸಿ ಎಂದೆ. ಅವರು ಹಾಲಿಲ್ಲದ ಕಟ್ಟಂಕಾಫಿ ತಂದು ಕೊಟ್ಟು, “ನಾಲ್ಕು ಗಂಟೆಗೆ ಬಸ್ಸಿದೆ ಅಮ್ಮ” ಎಂದರು. ಕ್ಷಮಿಸಿದೆ ಎನ್ನಲಿಲ್ಲ.

ನಾಲ್ಕೈದು ವರ್ಷದಿಂದ ನಾನು ಮೊಣಕಾಲಿನ ಆಪರೇಷನ್ ಮುಂದಕ್ಕೆ ತಳ್ಳುತ್ತಾ ಬಂದಿದ್ದೆ. ಈ ಸಲ ಮಾಡಿಸಿಕೊಂಡೆ. ಸಿಸ್ಟರ ಸಲುವಾಗಿ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೋವು ತಡೆಯಲಾಗಲಿಲ್ಲ, ಅಷ್ಟೇ. ಆದರೆ ಡಾಕ್ಟರು ಅದೇ ಇಂಜೆಕ್ಷನ್ ಎರಡು ವಾರಕ್ಕೆ ಬರೆದಾಗ ಯಾರು ಕೊಡಬೇಕೆಂದು ನನಗೆ ಸಂದೇಹವೇ ಇರಲಿಲ್ಲ. ಫೋನ್ ಮಾಡಿದೆ. “ನಿಮ್ಮ ಮನೆಗೆ ಬೇಡ ಅಮ್ಮ” ಎಂದರು. ಎರಡನೆಯ ಸಲ ಮಾಡಿದೆ. ಮೂರನೆಯ ಸಲ ಒಪ್ಪಿಕೊಂಡರು. “ನಾನು ಹೋದ್ಮೇಲೆ ಯಾರ ಕೈಯೂ ಬೀಳ್ಬಾರ್ದು” ಎಂಬುದೊಂದೇ ಷರತ್ತು.

ಅತ್ತಿಗೆ ದಿನವೂ ಕೋಲೂರಿಕೊಂಡು ಕಣ ದಾಟಿ ಬಂದು ನನ್ನ ಮಂಚದ ಪಕ್ಕ ಕೂರುತ್ತಿದ್ದರು. ಮೂರು ದಿನ ನನ್ನ ಹೊಟ್ಟೆಯಲ್ಲಿ ಸೂಜಿಯ ಗುರುತೂ ಇರಲಿಲ್ಲ. ನೋಡಲು ಬಂದ ಹೆಂಗಸರಿಗೆಲ್ಲ ನಾನೇ ಕರೆದು ತೋರಿಸಿದೆ, ನಾಚಿಕೆ ಬಿಟ್ಟು. ನಾಲ್ಕನೆಯ ದಿನ ಎಡಗಡೆ ಕಾಳುಮೆಣಸಿನಷ್ಟು ನೀಲಿ ಕಂಡಿತು. ನನಗೆ ಅತ್ತಿಗೆಯ ಹೊಟ್ಟೆ ಕಣ್ಣಿಗೆ ಕಟ್ಟಿತು. ಎದುರುಮನೆಯಾಕೆ ಬರುವ ಹೊತ್ತು. ಸೀರೆ ಎಳೆದು ಮುಚ್ಚಿಕೊಂಡೆ. ಸಿಸ್ಟರ್ ಅದನ್ನು ನೋಡಿದರು.

“ಯಾಕಮ್ಮ ಮುಚ್ತೀರಿ? ಎಷ್ಟು ಸರಿಯಾಗಿ ಕೊಟ್ರೂ ಒಮ್ಮೊಮ್ಮೆ ಇಷ್ಟು ಬರ್ತದೆ, ಔಷಧಿ ಅಂಥದ್ದು. ದೊಡ್ಡದಾದ್ರೆ ಹೇಳಿ. ತೋರಿಸಿ ಅವರಿಗೆ. ಮುಚ್ಚಿದ್ರೇ ಅನುಮಾನ.”

ಎದುರುಮನೆಯಾಕೆ ಬಂದಳು. ತೋರಿಸಿದೆ. ಅವಳು ಸಿಸ್ಟರ ಕಡೆ ಓರೆಯಾಗಿ ನೋಡಿ, “ಮತ್ತೆ ಅದೇ ಕತೆ” ಎಂದಳು.

“ಅದೇ ಕತೆ ಅಲ್ಲ” ಎಂದೆ. ಅತ್ತಿಗೆಯ ಕಡೆ ತಿರುಗಿದೆ. ಇಷ್ಟು ದಿನ ಅವರೊಬ್ಬರಿಗೆ ಮಾತ್ರ ಹೇಳಿರಲಿಲ್ಲ. “ಅತ್ತಿಗೆ, ನಿಮಗೆ ಕಪ್ಪಾದದ್ದು ಇವರ ಸೂಜಿಯಿಂದ ಅಲ್ಲ. ವಿಭೂತಿ ಹಾಕಿ ನಾನು ತಿಕ್ಕಿದ್ದರಿಂದ. ಮೊದಲ ದಿನವೇ ಇವರು ಬೇಡ ಅಂದಿದ್ದರು.”

ಅತ್ತಿಗೆ ಕೋಲನ್ನು ಮಂಚಕ್ಕೆ ಒರಗಿಸಿದರು.

“ತಿಕ್ಕು ಅಂದಿದ್ದು ನಾನಲ್ವೇನೆ?”

“ಹೌದು.”

“ಮತ್ತೆ ಅವತ್ತೇ ಯಾಕೆ ಬೊಗಳಲಿಲ್ಲ?”

“ವಿಭೂತಿ ಬೇಡ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ.”

“ನನಗ್ಯಾಕೆ ಬೇಜಾರು? ಶಿವ ಏನು ತಿಕ್ಕು ಅಂತ ಕೂತಿದ್ನೇ? ನಿನಗೆ ನಿನ್ನ ಹೆಸರಿನ ಚಿಂತೆ. ಬಂದಾಗಿನಿಂದಲೂ ಅದೇ.” ಸಿಸ್ಟರ ಕಡೆ ನೋಡಿದರು. “ಅಮ್ಮಾ, ನಿನ್ನ ಕೈ ಭಾರ ಅಂದೆ ನಾನು, ನನ್ನ ಮಗನ ಎದುರಿಗೆ. ತಪ್ಪಾಯ್ತು. ಅವನು ಸಂಜೆ ಬರ್ಲಿ, ಹೇಳ್ತೀನಿ. ಏ, ನೀನೂ ಕೇಳಿಸ್ಕೊಂಡ್ಯಲ್ಲ?”

ಕಡೆಯ ಮಾತು ಎದುರುಮನೆಯಾಕೆಗೆ. ಅವಳು ಹೂಂ ಅಂದಳು. ನಾನು ಪಂಕ್ತಿಯ ಎದುರು ಹೇಳಿದಾಗ ಯಾರೂ ನಂಬದಿದ್ದದ್ದನ್ನು ಅತ್ತಿಗೆಯ ಬಾಯಿಂದ ಬಂದಾಗ ನಂಬಿದರು. ಸಿಸ್ಟರ್ ನೋಟ್‌ಬುಕ್ ತೆಗೆದು, ಹೊತ್ತು, ಬಲಗಡೆ, ಎಡಗಡೆ ಸಣ್ಣ ನೀಲಿ ಎಂದು ಬರೆದು ಸಹಿ ಹಾಕಿದರು.

ಅಳಿಯ ಅವತ್ತು ಸಂಜೆ ಸಿಸ್ಟರಿಗೆ ಫೋನ್ ಮಾಡಿ ತಪ್ಪಾಯಿತು ಎಂದ. ಎದುರುಮನೆಯಾಕೆ ಮರುವಾರ ಇನ್ಸುಲಿನ್ನಿಗೆ ಅವರನ್ನೇ ಕರೆದಳು, ಬಿಡಿಸಿದ್ದ ನೆಂಟರ ಮನೆಯೂ ಕರೆಯಿತು. ಮೊನ್ನೆ ಕಕ್ಕಬೆಯ ಕಡೆಯ ಒಬ್ಬರಿಗೆ ಈ ರಕ್ತದ ಇಂಜೆಕ್ಷನ್ ಕೊಡಲು ಒಪ್ಪಿಕೊಂಡಿದ್ದಾರಂತೆ. ನಾಪೋಕ್ಲು ರಸ್ತೆಯ ಎರಡು ಮನೆಯವರು ಮಾತ್ರ ಇನ್ನೂ ಕರೆದಿಲ್ಲ. ಅವರು ನಮ್ಮ ನೆಂಟರಲ್ಲ, ಅತ್ತಿಗೆಯ ಮಾತು ಅಲ್ಲಿಯವರೆಗೆ ಹೋಗುವುದಿಲ್ಲ. ಅಲ್ಲಿಗೆ ನಾನೇ ಹೋಗಬೇಕು, ಅವರ ಜಗಲಿಯಲ್ಲಿ ಕೂತು ನಾನೇ ಹೇಳಬೇಕು. ಬಸ್ ಸ್ಟಾಪಿನಿಂದ ಸ್ವಲ್ಪ ಏರು. ಕಾಲು ಈಗ ಚೆನ್ನಾಗಿಯೇ ನಡೆಯುತ್ತದೆ.